ಅಳಿಯುವ ಚಿತ್ರವೂ ಉಳಿಯಬೇಕಾದ ಹೆಸರೂ

ಮನುಷ್ಯನು ಮಾಡುವ ಕೆಲಸಗಳಲ್ಲಿ ಎರಡು ಬಗೆಗಳುಂಟು. ಮಾಡಿದ ವಸ್ತುವು ಮಾಡಿದವನ ಕಣ್ಣೆದುರಿಗೇ ನಿಂತು ಬಾಳುವುದು ಒಂದು ಬಗೆ. ಮತ್ತೊಂದು ವಸ್ತುವಿನ ನಿರ್ಮಾಣಕ್ಕೆ ನೆರವಾಗಿ, ಆ ನಿರ್ಮಾಣವು ಮುಗಿದೊಡನೆ ತಾನು ಇಲ್ಲವಾಗುವುದು ಇನ್ನೊಂದು ಬಗೆ. ದೇವಾಲಯದ ಗೋಪುರವು ಮೊದಲನೆಯದಕ್ಕೂ, ಅದನ್ನು ಕಟ್ಟುವಾಗ ಸುತ್ತಲೂ ನಿಲ್ಲಿಸಿದ ಸಾರವೆಯು ಎರಡನೆಯದಕ್ಕೂ ದೃಷ್ಟಾಂತಗಳು. ಗೋಪುರಕ್ಕೆ ಕೈಮುಗಿಯುವವರಲ್ಲಿ ಸಾರವೆಯನ್ನು ನೆನೆಯುವವರು ಯಾರೂ ಇಲ್ಲ. ಹೀಗಿರಲು, ಬುದ್ಧಿಯೂ ಕೈಚಳಕವೂ ಉಳ್ಳ ತರುಣನು ಸಾರವೆಯಾಗುವ ಕೆಲಸಕ್ಕೆ ತನ್ನ ಆಯುಷ್ಯವನ್ನು ಮುಡಿಪಾಗಿಡುವುದು ಯುಕ್ತವೆ?

ಆನಿಮೇಷನ್ ಎಂಬ ಚಲಿಸುವ ಚಿತ್ರಗಳ ಕಲೆಯನ್ನು ಜೀವನೋಪಾಯವಾಗಿ ಹಿಡಿಯಬಯಸುವ ಯುವಕ ಯುವತಿಯರು ಈ ಪ್ರಶ್ನೆಯನ್ನು ವಿದ್ಯಾವಂತರ ಮನೆಗಳಿಗೆ ತಂದಿರುವರು. ಆ ಕಲೆಯ ಅಂಗಗಳಲ್ಲಿ ಸ್ಟೋರಿಬೋರ್ಡ್ ಎಂಬುದೊಂದುಂಟು. ಅದನ್ನು ಕಲಿಯುವುದೆಂದರೆ, ಬಹುಮಟ್ಟಿಗೆ, ಅಳಿಯುವುದಕ್ಕಾಗಿಯೇ ಹುಟ್ಟುವ ಚಿತ್ರಗಳನ್ನು ಬರೆಯಲು ಕಲಿಯುವುದು. ಆದುದರಿಂದ ಇಲ್ಲಿ ವಿಚಾರಮಾಡಬೇಕಾದುದು ಸಂಬಳದ ಮಾತೊಂದೇ ಅಲ್ಲ. ಕೆಲಸಕ್ಕೂ ಕೆಲಸಗಾರನಿಗೂ ಇರುವ ಸಂಬಂಧವೆಂತಹುದು ಎಂಬುದು.

ಮೊದಲು ವಸ್ತುಸ್ಥಿತಿಯನ್ನು ತಿಳಿಯತಕ್ಕದ್ದು. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಹಾಯ್ದುಹೋಗುವುವು. ಎಂದರೆ ಒಂದು ಗಂಟೆಯ ಚಿತ್ರಕ್ಕೆ 86,400 ಚೌಕಟ್ಟುಗಳಾಗುವುವು. ಒಂದೇ ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸಿ ಶ್ರಮವನ್ನು ಕಡಮೆಮಾಡಿಕೊಂಡರೂ ಉಳಿಯುವ ಶ್ರಮವು ಅಪಾರವಾದುದು. ಇಷ್ಟೆಲ್ಲವನ್ನೂ ಬರೆದು ಬಣ್ಣಹಾಕಿದ ಮೇಲೆ ಕಥೆಯು ಸೊರಗಿದೆಯೆಂದು ತಿಳಿದರೆ ಹಣವೂ ಕಾಲವೂ ನೀರುಪಾಲಾಗುವುವು. ಅದಕ್ಕಾಗಿ ಕಥೆಯನ್ನು ಮೊದಲು ಸಣ್ಣ ಸಣ್ಣ ರೇಖಾಚಿತ್ರಗಳಲ್ಲಿ ಬರೆದು, ಅವುಗಳನ್ನು ಒಂದು ಹಲಗೆಯ ಮೇಲೆ ಸಾಲಾಗಿ ಚುಚ್ಚಿ ನಿಲ್ಲಿಸಿ, ಎಲ್ಲರೂ ನೋಡಿ ವಿಮರ್ಶಿಸುವ ಪದ್ಧತಿಯು ಹುಟ್ಟಿತು. ಅಮೆರಿಕದ ವಾಲ್ಟ್ ಡಿಸ್ನಿಯ ಚಿತ್ರಶಾಲೆಯಲ್ಲಿ 1930ರ ದಶಕದ ಮೊದಲ ವರ್ಷಗಳಲ್ಲಿ ಇದು ರೂಢಿಗೆ ಬಂದಿತು. ವೆಬ್ ಸ್ಮಿತ್ ಎಂಬ ಚಿತ್ರಕಾರನಿಗೆ ಇದರ ಮೂಲಕೀರ್ತಿಯನ್ನು ಸಲ್ಲಿಸುವುದುಂಟು. 1933ರಲ್ಲಿ ಹೊರಬಂದ, ಮೂರು ಹಂದಿಮರಿಗಳ ಕಥೆಯುಳ್ಳ ಕಿರುಚಿತ್ರವು ಹೀಗೆ ಪೂರ್ಣವಾಗಿ ಸ್ಟೋರಿಬೋರ್ಡಿನ ಮೇಲೆ ಸಿದ್ಧವಾದ ಮೊದಮೊದಲ ಚಿತ್ರಗಳಲ್ಲಿ ಒಂದು. ಬಳಿಕ ನಟರಿಂದ ಆಡಿಸುವ ಸಿನಿಮಾಗಳಿಗೂ ಈ ಕ್ರಮವು ಹಬ್ಬಿತು.

ಈ ಪದ್ಧತಿಯ ಗುಣವು ಚುಚ್ಚುವ ಮೊಳೆಯಲ್ಲಿದೆ. ಪುಸ್ತಕದಲ್ಲಿ ಬರೆದುದನ್ನು ಹರಿಯಲು ಮನಸ್ಸು ಹಿಂಜರಿಯುವುದು. ಮೊಳೆಯಿಂದ ಸಿಕ್ಕಿಸಿದುದನ್ನು ಕಿತ್ತು ಬೇರೊಂದನ್ನು ಇಡುವುದು ಕ್ಷಣದ ಕೆಲಸ. ಈಗ ಹಲಗೆಯ ಸ್ಥಾನಕ್ಕೆ ಕಂಪ್ಯೂಟರಿನ ಪರದೆಯು ಬಂದಿದ್ದರೂ ತತ್ತ್ವವು ಬದಲಾಗಿಲ್ಲ.

ಈ ವಿದ್ಯೆಯ ವಿದ್ಯಾರ್ಥಿಯು ಮೊದಲು ಕಲಿಯುವುದು ಅಂದವಾಗಿ ಬರೆಯುವುದನ್ನಲ್ಲ, ಸ್ಪಷ್ಟವಾಗಿ ಬರೆಯುವುದನ್ನು. ಪಾತ್ರವನ್ನು ಬರಿಯ ಕಪ್ಪು ನೆರಳಾಗಿ ತುಂಬಿದರೂ ಅದು ಏನು ಮಾಡುತ್ತಿದೆಯೆಂದು ತಿಳಿಯುವಂತಿರಬೇಕು. ಇಬ್ಬರು ಮಾತನಾಡುವಾಗ ಅವರ ನಡುವೆ ಒಂದು ರೇಖೆಯನ್ನು ಕಲ್ಪಿಸಿಕೊಂಡು, ಕ್ಯಾಮೆರಾವು ಕಾರಣವಿಲ್ಲದೆ ಅದನ್ನು ದಾಟದಂತೆ ನೋಡಿಕೊಳ್ಳಬೇಕು. ದಾಟಿದರೆ ಬಲಕ್ಕೆ ನೋಡುತ್ತಿದ್ದವನು ಥಟ್ಟನೆ ಎಡಕ್ಕೆ ನೋಡಿದಂತಾಗಿ ಪ್ರೇಕ್ಷಕನಿಗೆ ದಿಕ್ಕು ತಪ್ಪುವುದು. ದೂರದ ನೋಟವೆಲ್ಲಿ, ಹತ್ತಿರದ ನೋಟವೆಲ್ಲಿ, ಮೌನವೆಷ್ಟು ಹೊತ್ತು ಎಂಬುದನ್ನು ನಿರ್ಣಯಿಸಬೇಕು. ಆಮೇಲೆ ಹಿರಿಯರ ಮುಂದೆ ನಿಂತು, ಒಂದೊಂದು ಚಿತ್ರವನ್ನೂ ತೋರಿಸುತ್ತ, ಪಾತ್ರಗಳ ಮಾತನ್ನು ತಾನೇ ಆಡಿ ಕಥೆಯನ್ನು ಹೇಳಬೇಕು. ಅವರು ನಗಬೇಕಾದಲ್ಲಿ ನಗದಿದ್ದರೆ ಮೂರು ವಾರಗಳ ಕೆಲಸವನ್ನು ಸಂಜೆಗೆ ಕಿತ್ತು, ಮರುದಿನ ಬೆಳಗ್ಗೆ ಮತ್ತೆ ಮೊದಲಿನಿಂದ ಕೂಡಬೇಕು. ವೃತ್ತಿಗೆ ಹೊಸದಾಗಿ ಸೇರಿದವನಿಗೆ ಬಹುಧಾ ದೊರೆಯುವುದು ಇತರರು ಬರೆದ ಚಿತ್ರಗಳನ್ನು ಅಪ್ಪಣೆಯಂತೆ ತಿದ್ದುವ ಕೆಲಸವೇ.

ಇಲ್ಲಿ ಪೂರ್ವಪಕ್ಷವು ಏಳುತ್ತದೆ. ಕಲೆಯೆಂಬುದು ಉಳಿಯುವ ವಸ್ತು. ಉಳಿಯದುದನ್ನು ಕಲೆಯೆನ್ನುವುದು ಹೇಗೆ? ಪ್ರೇಕ್ಷಕನು ನೋಡುವ ಒಂದು ಚೌಕಟ್ಟಿನಲ್ಲಿಯೂ ಈತನ ಗೆರೆಯಿರುವುದಿಲ್ಲ. ಮುಪ್ಪಿನಲ್ಲಿ ಇದು ನನ್ನದು ಎಂದು ಮೊಮ್ಮಕ್ಕಳಿಗೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಅಂತಹ ವೃತ್ತಿಯು ಮನುಷ್ಯನನ್ನು ಉಪಕರಣವನ್ನಾಗಿ ಮಾಡುವುದಲ್ಲದೆ ಕಲಾವಿದನನ್ನಾಗಿ ಮಾಡಲಾರದು ಎಂಬುದು ಆಕ್ಷೇಪ. ಇದನ್ನು ಲಘುವೆಂದು ತಳ್ಳಲಾಗದು. ಮಕ್ಕಳ ಶ್ರೇಯಸ್ಸನ್ನು ಬಯಸುವ ತಂದೆತಾಯಿಗಳ ಮನಸ್ಸಿನಲ್ಲಿ ಇದು ಸಹಜವಾಗಿಯೇ ಹುಟ್ಟುವುದು.

ಆದರೆ ಉಳಿಯುವುದು ಎಂದರೇನು ಎಂಬುದನ್ನು ವಿವೇಚಿಸಬೇಕು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಲೋಹದ ವಿಗ್ರಹಗಳನ್ನು ಎರಕಹೊಯ್ಯುವ ಕ್ರಮವು ವಿವರಿಸಲ್ಪಟ್ಟಿದೆ. ಶಿಲ್ಪಿಯು ಮೊದಲು ಮೇಣದಲ್ಲಿ ಮೂರ್ತಿಯನ್ನು ಮಾಡುವನು. ಅದಕ್ಕೆ ಮಣ್ಣನ್ನು ಮೆತ್ತಿ, ಒಣಗಿಸಿ, ಕಾಯಿಸುವನು. ಮೇಣವು ಕರಗಿ ಹೊರಗೆ ಹರಿದುಹೋಗುವುದು. ಅದು ಬಿಟ್ಟುಹೋದ ಬರಿದಾದ ಎಡೆಗೆ ಕಾದ ಲೋಹವನ್ನು ಹೊಯ್ಯುವನು. ಮೇಣದ ಮೂರ್ತಿಯಲ್ಲಿ ಒಂದು ಕಣವೂ ಉಳಿಯಲಿಲ್ಲ. ಆದರೆ ವಿಗ್ರಹದ ಹುಬ್ಬಿನ ಬಾಗು, ಬೆರಳಿನ ಮುದ್ರೆ, ತುಟಿಯ ನಗು ಎಲ್ಲವೂ ಮೇಣದಲ್ಲಿ ನಿರ್ಣಯವಾದುವುಗಳೇ. ಅಳಿದುದು ದ್ರವ್ಯ, ಉಳಿದುದು ನಿರ್ಣಯ. ಸ್ಟೋರಿಬೋರ್ಡಿನ ಚಿತ್ರವೂ ಹಾಗೆಯೇ. ಕಾಗದವು ಹೋಗುವುದು, ಇಲ್ಲಿ ಈ ಮುಖವು ಕಾಣಬೇಕು, ಇಲ್ಲಿ ಬಾಗಿಲು ಮುಚ್ಚಬೇಕು ಎಂಬ ನಿರ್ಣಯವು ಚಿತ್ರವಿರುವವರೆಗೂ ಇರುವುದು.

ಮೀಮಾಂಸಕರು ಕರ್ಮಗಳಲ್ಲಿ ಅಂಗ, ಅಂಗಿ ಎಂಬ ವಿಭಾಗವನ್ನು ಹೇಳುವರು. ದರ್ಶಪೂರ್ಣಮಾಸ ಯಾಗದಲ್ಲಿ ಪ್ರಯಾಜಗಳು ಅಂಗಗಳು. ಅವುಗಳಿಗೆ ಪ್ರತ್ಯೇಕವಾದ ಫಲವನ್ನು ಹೇಳಿಲ್ಲ. ಪ್ರಧಾನಯಾಗದ ಫಲಕ್ಕೆ ಅವು ನೆರವಾಗುವುವು. ಹಾಗೆಂದು ಅವುಗಳನ್ನು ಉದಾಸೀನದಿಂದ ಮಾಡಬಹುದೆಂದು ಯಾವ ಮೀಮಾಂಸಕನೂ ಹೇಳಲಾರನು. ಅಂಗವು ಕೆಟ್ಟರೆ ಅಂಗಿಗೆ ಊನ ಬರುವುದು. ತನಗೆಂದು ಫಲವಿಲ್ಲದ ಕೆಲಸವನ್ನು ಪೂರ್ಣವಾದ ಶ್ರದ್ಧೆಯಿಂದ ಮಾಡುವುದೇ ಅಲ್ಲಿಯ ಶಿಕ್ಷೆ.

ಇದಕ್ಕೆ ಈಚಿನ ಕಾಲದ ಉದಾಹರಣೆಯೂ ಉಂಟು. 1993ನೆಯ ನವೆಂಬರ್ 19ರಂದು ಪಿಕ್ಸಾರ್ ಸಂಸ್ಥೆಯವರು ಟಾಯ್ ಸ್ಟೋರಿ ಎಂಬ ತಮ್ಮ ಮೊದಲ ದೊಡ್ಡ ಚಿತ್ರದ ಸ್ಟೋರಿಬೋರ್ಡುಗಳನ್ನು ಧ್ವನಿಯೊಡನೆ ಜೋಡಿಸಿ ಡಿಸ್ನಿ ಸಂಸ್ಥೆಯ ಅಧಿಕಾರಿಗಳಿಗೆ ತೋರಿಸಿದರು. ಕಥಾನಾಯಕನಾದ ವುಡಿ ಎಂಬ ಗೊಂಬೆಯು ಅದರಲ್ಲಿ ಕಟುಭಾಷಿಯೂ ಅಸೂಯಾಪರನೂ ಆಗಿ, ನೋಡುವವರಿಗೆ ಬೇಸರವನ್ನು ತರುವಂತಿದ್ದನು. ಕೆಲಸವನ್ನು ನಿಲ್ಲಿಸಬೇಕಾಯಿತು. ಕಥೆಗಾರರು ಹಿಂದಿನದನ್ನು ಬದಿಗಿಟ್ಟು ಹೊಸದಾಗಿ ಬರೆದರು. 1995ರಲ್ಲಿ ಹೊರಬಂದ ಆ ಚಿತ್ರವು ಲೋಕಪ್ರಸಿದ್ಧವಾಯಿತು. ತಪ್ಪನ್ನು ತಾಳಿಕೊಳ್ಳಬಲ್ಲ ಸ್ಥಳವೊಂದು ಇದ್ದುದರಿಂದಲೇ ಆ ಚಿತ್ರವು ಬದುಕಿತು. ಎಸೆಯಲ್ಪಟ್ಟ ಚಿತ್ರಗಳು ವ್ಯರ್ಥವಾದುವೆಂದು ಹೇಳುವುದು ಸರಿಯಲ್ಲ. ಯಾವ ದಾರಿಯಲ್ಲಿ ಹೋಗಬಾರದೆಂಬುದನ್ನು ತೋರಿಸಿದವು ಅವೇ.

ಇಷ್ಟರಿಂದ ಪೂರ್ವಪಕ್ಷವು ನಿವೃತ್ತವಾಯಿತೆಂದು ಭಾವಿಸಿ ಲೇಖನಿಯನ್ನು ಕೆಳಗಿಟ್ಟರೆ ಅರ್ಧಸತ್ಯವನ್ನು ಹೇಳಿದಂತಾಗುವುದು. ಮೇಣದ ದೃಷ್ಟಾಂತದಲ್ಲಿ ಒಂದು ಕೊರತೆಯುಂಟು. ಅಲ್ಲಿ ಮೇಣವನ್ನು ಕಡೆದವನೂ ಕರಗಿಸಿದವನೂ ಒಬ್ಬನೇ. ಚಿತ್ರಶಾಲೆಯಲ್ಲಿ ಬರೆಯುವವನು ಒಬ್ಬ, ಕೀಳುವವನು ಮತ್ತೊಬ್ಬ. ಆದುದರಿಂದ ತ್ಯಾಗ, ಅಪಹಾರ ಎಂಬ ಎರಡನ್ನೂ ಬೇರ್ಪಡಿಸಿ ನೋಡುವುದು ಅವಶ್ಯಕ. ಕಥೆಯ ಹಿತಕ್ಕಾಗಿ ತನ್ನ ಒಳ್ಳೆಯ ಚಿತ್ರವನ್ನು ತಾನೇ ಬಿಡುವುದು ತ್ಯಾಗ. ಕೆಲಸವನ್ನು ಮಾಡಿಸಿಕೊಂಡು ಮಾಡಿದವನ ಹೆಸರನ್ನು ಅಳಿಸುವುದು, ತಿದ್ದುಪಡಿಗಳಿಗೆ ಮಿತಿಯಿಲ್ಲದೆ ರಾತ್ರಿಯೆಲ್ಲಾ ದುಡಿಸಿ ಕೂಲಿಯನ್ನು ಕೊಡದಿರುವುದು ಅಪಹಾರ. ಹೊರಗಿನಿಂದ ನೋಡಿದರೆ ಎರಡರಲ್ಲಿಯೂ ಚಿತ್ರವು ಹೋಗುವುದು; ಒಳಗಿನ ಧರ್ಮವು ಮಾತ್ರ ಬೆಳಕು ಕತ್ತಲೆಗಳಂತೆ ಬೇರೆಯಾದುದು. ತ್ಯಾಗವೆಂಬುದು ತನಗೆ ತಾನೇ ವಿಧಿಸಿಕೊಳ್ಳುವ ವ್ರತ. ಮತ್ತೊಬ್ಬನು ಅದನ್ನು ವಿಧಿಸಿದೊಡನೆ ಅದು ದಂಡವಾಗುವುದು.

ಡಿಸ್ನಿಯ ಚಿತ್ರಶಾಲೆಯ ಇತಿಹಾಸದಲ್ಲಿಯೇ ಎರಡಕ್ಕೂ ನಿದರ್ಶನಗಳಿವೆ. 1937ರ ಸ್ನೋ ವೈಟ್ ಚಿತ್ರಕ್ಕಾಗಿ ವಾರ್ಡ್ ಕಿಂಬಾಲ್ ಎಂಬ ಕಲಾವಿದನು ಕುಳ್ಳರು ಸಾರನ್ನು ಸುರಿದುಕೊಂಡು ಕುಡಿಯುವ ಸನ್ನಿವೇಶವನ್ನು ಬಹಳ ಶ್ರಮದಿಂದ ರಚಿಸಿದ್ದನು. ಕಥೆಯ ಓಟಕ್ಕೆ ಅದು ತಡೆಯೆಂದು ಡಿಸ್ನಿಯು ಅದನ್ನು ತೆಗೆದುಹಾಕಿದನು. ಕಿಂಬಾಲನು ಕೆಲಸವನ್ನೇ ಬಿಡುವಷ್ಟು ನೊಂದನು. ಆದರೆ ಡಿಸ್ನಿಯು ಅವನಿಗೆ ಮುಂದಿನ ಪಿನೋಕಿಯೋ ಚಿತ್ರದ ಜಿಮಿನಿ ಎಂಬ ಮಿಡತೆಯ ಪಾತ್ರವನ್ನು ಒಪ್ಪಿಸಲು, ಅವನು ಉಳಿದನು. ಚಿತ್ರವನ್ನು ಕಿತ್ತರೂ ಕಲಾವಿದನನ್ನು ಕೀಳಲಿಲ್ಲ. ಬ್ಯಾಂಬಿ ಚಿತ್ರಕ್ಕಾಗಿ ಬೇಟೆನಾಯಿಗಳ ಕಥಾರೇಖೆಗಳನ್ನು ಬರೆದ ರೆಟ್ಟಾ ಸ್ಕಾಟ್ ಎಂಬ ತರುಣಿಯು ಆ ಗೆರೆಗಳ ಬಲದಿಂದಲೇ ಮೇಲೇರಿ, 1942ರಲ್ಲಿ ಆನಿಮೇಟರ್ ಎಂದು ತೆರೆಯ ಮೇಲೆ ಹೆಸರು ಪಡೆದ ಅಲ್ಲಿಯ ಮೊದಲ ಸ್ತ್ರೀಯಾದಳು. ಇವು ಒಂದು ಕಡೆಯ ಮಾತು. ಇನ್ನೊಂದು ಕಡೆ, ಅದೇ ಸಂಸ್ಥೆಯಲ್ಲಿ 1941ರ ಮೇ ತಿಂಗಳ ಕೊನೆಯಲ್ಲಿ ಕಲಾವಿದರು ಮುಷ್ಕರ ಹೂಡಿದರು. ವೇತನದ ತಾರತಮ್ಯ, ಕಾರ್ಯಕರ್ತರನ್ನು ಕೆಲಸದಿಂದ ತೆಗೆದುದು, ತೆರೆಯ ಮೇಲೆ ಹೆಸರು ಕಾಣದಿರುವುದು ಮುಂತಾದುವು ಅವರ ದೂರುಗಳಾಗಿದ್ದುವು. ಕೊನೆಗೆ ಅವರ ಸಂಘಕ್ಕೆ ಮನ್ನಣೆ ದೊರೆಯಿತು. ಚಿತ್ರವನ್ನು ಬಿಟ್ಟುಕೊಡಲು ಪ್ರತಿದಿನವೂ ಸಿದ್ಧರಾಗಿದ್ದ ಜನರೇ ಹೆಸರನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಇದರಲ್ಲಿ ವಿರೋಧವೇನೂ ಇಲ್ಲ. ಚಿತ್ರವು ಕಥೆಗೆ ಸೇರಿದುದು. ಹೆಸರು ಮನುಷ್ಯನಿಗೆ ಸೇರಿದುದು.

ಈ ವಿವೇಕವು ಭಾರತದ ತರುಣರಿಗೆ ಹೆಚ್ಚಾಗಿ ಬೇಕಾಗಿದೆ. 1956ರಲ್ಲಿ ಡಿಸ್ನಿಯ ಕಲಾವಿದನಾಗಿದ್ದ ಕ್ಲೇರ್ ವೀಕ್ಸ್ ಎಂಬವನು ಮುಂಬಯಿಗೆ ಬಂದು, ಕೇಂದ್ರ ಸರ್ಕಾರದ ಫಿಲಂಸ್ ಡಿವಿಷನ್‌ನಲ್ಲಿ ವ್ಯಂಗ್ಯಚಿತ್ರ ವಿಭಾಗಕ್ಕೆ ಶಿಕ್ಷಣವನ್ನು ಕೊಟ್ಟನು. ಆ ವರ್ಷವೇ ಅಲ್ಲಿ ಸೇರಿದ ರಾಮ್ ಮೋಹನ್ ಮುಂದೆ ಭಾರತೀಯ ಆನಿಮೇಷನ್ನಿನ ಹಿರಿಯರೆನಿಸಿದರು. ಆದರೆ ಕಾಲಾನಂತರದಲ್ಲಿ ಈ ದೇಶದ ಚಿತ್ರಶಾಲೆಗಳಿಗೆ ಹೆಚ್ಚಾಗಿ ಒದಗಿದುದು ಪರದೇಶದಲ್ಲಿ ಆಲೋಚಿತವಾದ ಕಥೆಗಳನ್ನು ಕೈಯಿಂದ ಪೂರೈಸುವ ಕೆಲಸ. ಯೋಚನೆಯು ಒಂದೆಡೆ, ದುಡಿಮೆಯು ಮತ್ತೊಂದೆಡೆ. ಸ್ಟೋರಿಬೋರ್ಡನ್ನು ಕಲಿಯುವವನು ಈ ಗಡಿಯನ್ನು ದಾಟಿ ಕಥೆಯ ಆಲೋಚನೆಯಲ್ಲಿಯೇ ಪಾಲುಗಾರನಾಗುವನು. ಆ ದೃಷ್ಟಿಯಿಂದ ಈ ಅಂಗಕರ್ಮವು ಅಂಗಿಗೆ ಅತ್ಯಂತ ಸಮೀಪವಾದುದು.

ಜೀವನೋಪಾಯದ ಮಾತನ್ನು ಮರೆಮಾಚಬಾರದು. ಕರ್ನಾಟಕ ಸರ್ಕಾರವು 2012ರಲ್ಲಿ ಈ ಉದ್ಯಮಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿ ಹಲವು ಚಿತ್ರಶಾಲೆಗಳು ಬೆಳೆದಿವೆ. ಆದರೆ 2025ರ ಆರಂಭದಲ್ಲಿ ಟೆಕ್ನಿಕಲರ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಕುಸಿದಾಗ ಬೆಂಗಳೂರಿನಲ್ಲಿದ್ದ ಅದರ ಕೆಲಸಗಾರರೂ ವೃತ್ತಿಯನ್ನು ಕಳೆದುಕೊಂಡರು. ಮೇಲಾಗಿ, ಮಾತಿನಲ್ಲಿ ಕೇಳಿದರೆ ಸಾಕು, ಗಳಿಗೆಯೊಳಗೆ ನೂರು ಚಿತ್ರಗಳನ್ನು ಒಡ್ಡುವ ಯಂತ್ರಗಳು ಈಗ ಬಂದಿವೆ. ಇವು ಕೆಲವರ ಕೂಲಿಯನ್ನು ಕಸಿಯಲಾರವೆಂದು ಸಮಾಧಾನ ಹೇಳುವುದು ಪ್ರಾಮಾಣಿಕವಾಗದು. ಆದರೆ ಯಂತ್ರವು ಕೊಡುವುದು ಚಿತ್ರಗಳ ರಾಶಿಯನ್ನು. ಆ ನೂರರಲ್ಲಿ ತೊಂಬತ್ತೊಂಬತ್ತನ್ನು ಬಿಡಿಸುವ ವಿವೇಕವು, ತನ್ನ ಕೈಯ ಚಿತ್ರವನ್ನು ಕಿತ್ತು ಕಿತ್ತು ನೋವನ್ನು ಉಂಡವನಿಗೆ ಬರುವಂತೆ ಬೇರೆಯವರಿಗೆ ಬರಲಾರದು. ಬಿಡುವುದನ್ನು ಕಲಿಯದವನಿಗೆ ಆರಿಸುವುದೂ ತಿಳಿಯದು.

ಆದುದರಿಂದ ಮಗನೋ ಮಗಳೋ ಈ ವೃತ್ತಿಯನ್ನು ಅಪೇಕ್ಷಿಸಿದಾಗ ಮನೆಯ ಹಿರಿಯರು ಕೇಳಬೇಕಾದ ಪ್ರಶ್ನೆಯು, ನಿನ್ನ ಚಿತ್ರವು ಉಳಿಯುವುದೆ ಎಂಬುದಲ್ಲ. ಕಥೆಗಾಗಿ ನಿನ್ನ ಚಿತ್ರವನ್ನು ಮುನಿಸಿಲ್ಲದೆ ಬಿಡಬಲ್ಲೆಯಾ ಎಂಬುದು ಒಂದು. ಬಿಟ್ಟ ಮೇಲೆಯೂ ನಿನ್ನ ಕೂಲಿಯನ್ನೂ ಹೆಸರನ್ನೂ ಅಂಜದೆ ಕೇಳಬಲ್ಲೆಯಾ ಎಂಬುದು ಇನ್ನೊಂದು. ಮೊದಲನೆಯದಿಲ್ಲದವನು ಈ ಕೆಲಸವನ್ನು ಕಲಿಯಲಾರನು. ಎರಡನೆಯದಿಲ್ಲದವನು ಕಲಿತರೂ ಬಾಳಲಾರನು. ಎರಡೂ ಉಳ್ಳ ವಿದ್ಯಾರ್ಥಿಗೆ ಒಂದು ಕಾಗದದ ಕಟ್ಟನ್ನೂ ಸೀಸದ ಕಡ್ಡಿಯನ್ನೂ ಕೊಟ್ಟು, ಮನೆಯಲ್ಲಿ ಎಲ್ಲರೂ ಬಲ್ಲ ಯಾವುದಾದರೂ ಒಂದು ಸಣ್ಣ ಕಥೆಯನ್ನು ಮಾತಿಲ್ಲದೆ ಇಪ್ಪತ್ತು ಚಿತ್ರಗಳಲ್ಲಿ ಹೇಳೆಂದು ಹಿರಿಯರೇ ಅಪ್ಪಣೆ ಕೊಡಬಹುದು. ಬರೆದುದನ್ನು ಅವರು ನೋಡಿ, ಕಥೆಯು ತಿಳಿಯದಿದ್ದಲ್ಲಿ ತಿಳಿಯಲಿಲ್ಲವೆಂದು ದಾಕ್ಷಿಣ್ಯವಿಲ್ಲದೆ ಹೇಳಲಿ. ವಿದ್ಯಾರಂಭವು ಅಲ್ಲಿಯೇ ಆಗುವುದು.