ಸೋಂಕು ಯಾರದು, ಹೊಣೆ ಯಾರದು?

ಎಚ್‌ಐವಿ ತಡೆಯ ಮಾತು ಬಂದಾಗ ನಾವು ಮೊದಲು ಕೇಳುವುದು 'ಇದು ಯಾರಿಂದ ಬಂತು?' ಎಂದು. ಉತ್ತರವೂ ಸಿದ್ಧವಿರುತ್ತದೆ: ನಡತೆ ಕೆಟ್ಟಿತು, ರೋಗ ಬಂತು, ನಡತೆ ತಿದ್ದಿದರೆ ರೋಗ ನಿಲ್ಲುತ್ತದೆ. ಈ ಸರಳ ತರ್ಕವನ್ನು ರೋಗದ ಇತಿಹಾಸ ಒಪ್ಪುವುದಿಲ್ಲ.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ. ರೋಗವನ್ನು ಬಿಟ್ಟು ರೋಗಿಯನ್ನು ಹಿಡಿಯುವ ಚಾಳಿಯೂ ಬೇಗನೆ ಶುರುವಾಯಿತು. 1989ರಲ್ಲಿ ಗೋವಾದ ಡೊಮಿನಿಕ್ ಡಿಸೋಜ ಎಂಬ ಯುವಕನನ್ನು ಸೋಂಕಿದೆಯೆಂಬ ಒಂದೇ ಕಾರಣಕ್ಕೆ ಹಳೆಯ ಕ್ಷಯರೋಗ ಆಸ್ಪತ್ರೆಯಲ್ಲಿ 64 ದಿನ ಕೂಡಿಹಾಕಲಾಯಿತು. ಆತ ರಕ್ತದಾನಿ, ಸೋಂಕು ತಿಳಿದದ್ದೇ ದಾನದ ರಕ್ತದಿಂದ. ಇದನ್ನು ಕಂಡವರು ಪರೀಕ್ಷೆಗೆ ಮುಂದೆ ಬಂದಾರೆಯೇ?

ನಮ್ಮ ವಿಜಾಪುರ ಸೀಮೆಯನ್ನು ನೋಡೋಣ. ಸಿಂದಗಿ ತಾಲ್ಲೂಕಿನ ಯಂಕಂಚಿಯಂಥ ಊರುಗಳಿರುವ ಈ ನಾಡಿನ ಬೇಸಾಯ ಬಹುಪಾಲು ಮಳೆಯನ್ನೇ ನಂಬಿದ್ದು. ಮಳೆ ಕೈಕೊಟ್ಟ ವರ್ಷ ಜನ ಗೋವಾ, ಪುಣೆ, ಮುಂಬೈಗಳಿಗೆ ಗುಳೆ ಹೋಗುತ್ತಾರೆ. ಗಂಡ ಒಂದು ಊರು, ಹೆಂಡತಿ ಒಂದು ಊರು. ಇದೇ ಸೀಮೆಯಲ್ಲಿ ಬಡ ದಲಿತ ಕುಟುಂಬಗಳ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರಾಗಿಸುವ ಪದ್ಧತಿಯಿತ್ತು. 1982ರ ಕಾಯ್ದೆ ಅದನ್ನು ನಿಷೇಧಿಸಿತು, ಬಡತನವನ್ನು ನಿಷೇಧಿಸಲಾಗಲಿಲ್ಲ. 2000ರ ದಶಕದ ಆರಂಭದಲ್ಲಿ ನೆರೆಯ ಬಾಗಲಕೋಟೆಯಲ್ಲಿ ಪರೀಕ್ಷೆಗೊಳಗಾದ ಗರ್ಭಿಣಿಯರಲ್ಲಿ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಸೋಂಕಿತ್ತು. ಗಂಡನನ್ನಲ್ಲದೆ ಬೇರೊಬ್ಬರನ್ನು ಅರಿಯದ ಹೆಣ್ಣಿಗೂ ಸೋಂಕು ತಗಲುತ್ತದೆ. ಅವಳ ಶೀಲ ಅವಳನ್ನು ಕಾಯಲಿಲ್ಲ. ಅವಳಿಗೆ ನಾವು ಯಾವ ಉಪದೇಶ ಮಾಡೋಣ?

ಹಾಗೆಂದು ಸಂಯಮದ ಮಾತು ಸುಳ್ಳಲ್ಲ. ಇಸ್ಲಾಮ್ ಶೀಲವನ್ನು ಗಂಡಿಗೂ ಹೆಣ್ಣಿಗೂ ಸಮನಾಗಿ ವಿಧಿಸಿದೆ. ಆದರೆ ಅದೇ ಧರ್ಮ ನ್ಯಾಯವನ್ನೂ ವಿಧಿಸಿದೆ, ಉಳ್ಳವರ ಸಂಪತ್ತಿನಲ್ಲಿ ಬಡವರಿಗಿರುವ ಪಾಲನ್ನು ಹಕ್ಕೆಂದಿದೆ, ರೋಗಿಯ ಭೇಟಿಯನ್ನು ಕರ್ತವ್ಯವಾಗಿಸಿದೆ. ಮೊದಲನೆಯದನ್ನು ಮಾತ್ರ ಎತ್ತಿ ಹೇಳಿ ಉಳಿದವನ್ನು ಮರೆಯುವುದು ಧರ್ಮವಲ್ಲ, ಅನುಕೂಲ. ಉಗಾಂಡದ ಇಸ್ಲಾಮಿಕ್ ವೈದ್ಯಕೀಯ ಸಂಘ 1990ರ ದಶಕದಲ್ಲಿ ಇಮಾಮರಿಗೆ ತರಬೇತಿ ಕೊಟ್ಟು ಮನೆಮನೆಗೆ ತಿಳಿವಳಿಕೆ ಮುಟ್ಟಿಸಿತು. ಮಸೀದಿ ಅಲ್ಲಿ ರೋಗಿಯ ವಿರುದ್ಧವಲ್ಲ, ರೋಗದ ವಿರುದ್ಧ ನಿಂತಿತು.

ನಮ್ಮ ದೇಶದಲ್ಲಿ 2004ರಿಂದ ಸರ್ಕಾರ ಉಚಿತ ಚಿಕಿತ್ಸೆ ನೀಡುತ್ತಿದೆ. ಮಾತ್ರೆಗಳನ್ನು ತಪ್ಪದೆ ಸೇವಿಸಿ, ವೈರಾಣು ಪರೀಕ್ಷೆಗೆ ಸಿಗದಷ್ಟು ತಗ್ಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. 2017ರ ಕಾಯ್ದೆ ಸೋಂಕಿತರ ವಿರುದ್ಧದ ತಾರತಮ್ಯವನ್ನು ನಿಷೇಧಿಸಿದೆ. ಅಂದರೆ ಚಿಕಿತ್ಸೆಯೇ ಒಂದು ತಡೆ. ಅದರ ದಾರಿಗೆ ಅಡ್ಡ ನಿಲ್ಲುವುದು ನಾವು ಹೊರಿಸುವ ಅವಮಾನ.

ಊರಲ್ಲೇ ಕೂಲಿ, ಹುಡುಗಿಗೆ ಶಾಲೆ, ಹೆಣ್ಣಿಗೆ 'ಬೇಡ' ಎನ್ನುವ ಬಲ, ರೋಗಿಗೆ ಹೆದರದೆ ಆಸ್ಪತ್ರೆಗೆ ಹೋಗುವ ಧೈರ್ಯ: ಇವೂ ಎಚ್‌ಐವಿ ತಡೆಯ ಕೆಲಸಗಳೇ. ಉಪದೇಶಕ್ಕೆ ಖರ್ಚಿಲ್ಲ, ನ್ಯಾಯಕ್ಕೆ ಖರ್ಚಿದೆ. ಆ ಖರ್ಚು ತಪ್ಪಿಸಿಕೊಳ್ಳಲೆಂದೇ ನಾವು ಇಷ್ಟು ಕಾಲ ಉಪದೇಶ ಮಾಡುತ್ತ ಬಂದಿದ್ದೇವೆಯೇ ಎಂಬುದನ್ನು ಯೋಚಿಸಬೇಕು.