ಮಸಿ ಮೆತ್ತಿದ ಕೋಟಿನ ಧರ್ಮಪ್ರಶ್ನೆ

ಪ್ರತಿವರ್ಷ ಏಪ್ರಿಲ್ 14ರಂದು ದೇಶದ ಅಗ್ನಿಶಾಮಕ ಠಾಣೆಗಳಲ್ಲಿ ಹುತಾತ್ಮರನ್ನು ನೆನೆಯುತ್ತಾರೆ. 1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಹಡಗಿಗೆ ಬೆಂಕಿ ಬಿತ್ತು. ಅದರೊಳಗೆ ಹತ್ತಿಯ ಬೇಲುಗಳ ಜೊತೆಗೆ ಟನ್ನುಗಟ್ಟಲೆ ಸ್ಫೋಟಕವಿತ್ತು. ಆರಿಸಲು ಹೋದವರಲ್ಲಿ 66 ಮಂದಿ ಸತ್ತರು. ಇದು ತ್ಯಾಗ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ದಿನಾಂಕವಿದೆ, ಸ್ಥಳವಿದೆ, ಸ್ಮಾರಕವಿದೆ.

ಬೆಂಕಿ ಆರಿಸಿ, ಮನೆಗೆ ಬಂದು, ಮಕ್ಕಳನ್ನು ಓದಿಸಿ, ಎಷ್ಟೋ ವರ್ಷಗಳ ಮೇಲೆ ಮೂತ್ರಕೋಶದ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದವನ ಸಾವನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು?

ಈ ಪ್ರಶ್ನೆ ಊಹೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು, ಕಲ್ನಾರು ಇರುವ ಗುಂಪು ಅದು. ನ್ಯೂಯಾರ್ಕಿನಲ್ಲಿ 2001ರ ಸೆಪ್ಟೆಂಬರ್ 11ರಂದು ಸತ್ತ ಅಗ್ನಿಶಾಮಕ ಸಿಬ್ಬಂದಿ 343. ಅಂದಿನ ದೂಳು, ಹೊಗೆಯಿಂದ ಬಂದ ಕಾಯಿಲೆಗಳಿಗೆ ಆಮೇಲೆ ಒಬ್ಬೊಬ್ಬರಾಗಿ ಬಲಿಯಾದವರ ಸಂಖ್ಯೆಯೂ 2023ರ ಸೆಪ್ಟೆಂಬರ್ ಹೊತ್ತಿಗೆ 343ನ್ನು ಮುಟ್ಟಿತು.

ಇಂದಿನ ಮನೆಗೆ ಬೆಂಕಿ ಬಿದ್ದರೆ ಉರಿಯುವುದು ಬರೀ ಕಟ್ಟಿಗೆಯಲ್ಲ. ಸೋಫಾದ ಫೋಮು, ವೈರು, ಟಿವಿ, ಪ್ಲಾಸ್ಟಿಕ್ ಕುರ್ಚಿ, ಬಣ್ಣ ಎಲ್ಲವೂ ಉರಿದು ಬೆಂಜೀನ್ ಮತ್ತು ಪಿಎಎಚ್ ಎಂಬ ಹೈಡ್ರೋಕಾರ್ಬನ್‌ಗಳ ಹೊಗೆಯಾಗುತ್ತವೆ. ಬೆನ್ನಿಗೆ ಕಟ್ಟಿಕೊಂಡ ಗಾಳಿಯ ಸಿಲಿಂಡರು ಶ್ವಾಸಕೋಶವನ್ನು ಕಾಯುತ್ತದೆ, ಚರ್ಮವನ್ನು ಕಾಯುವುದಿಲ್ಲ. ಕುತ್ತಿಗೆ, ದವಡೆಯ ಬಳಿ ಹುಡ್‌ನ ತೆಳುಬಟ್ಟೆಯೊಂದೇ ಅಡ್ಡ. ಬಿಸಿಗೆ ಬೆವೆತ ಚರ್ಮ ವಿಷವನ್ನು ಇನ್ನೂ ಬೇಗ ಹೀರುತ್ತದೆ. ಕೆಲಸ ಮುಗಿದ ಮೇಲೂ ಕೋಟು ಸುಮ್ಮನಿರುವುದಿಲ್ಲ. ಅದನ್ನು ತೊಟ್ಟೇ ವಾಹನದಲ್ಲಿ ಕುಳಿತರೆ, ಬಟ್ಟೆಯೊಳಗೆ ಸೇರಿದ ಆವಿ ಮುಚ್ಚಿದ ಕ್ಯಾಬಿನ್ನಿನೊಳಕ್ಕೆ ಬಿಡುಗಡೆಯಾಗುತ್ತ ಹೋಗುತ್ತದೆ. ಮೈಮೇಲಿನ ರಕ್ಷಾಕವಚವೇ ಹೊಗೆಯನ್ನು ಠಾಣೆಗೂ ಮನೆಗೂ ಹೊತ್ತು ತರುತ್ತದೆ.

ಆದರೂ ಈ ಕೋಟನ್ನು ತೊಳೆಯದೆ ಇಟ್ಟುಕೊಳ್ಳುವುದರಲ್ಲಿ ಒಂದು ಹೆಮ್ಮೆ ಇತ್ತು. ಅಮೆರಿಕದ ಠಾಣೆಗಳಲ್ಲಿ ದಶಕಗಳ ಕಾಲ ಕರಿಹಿಡಿದ ಹೆಲ್ಮೆಟ್ಟು, ಮಸಿಯ ಕೋಟು ಅನುಭವದ ಗುರುತಾಗಿದ್ದವು. ಹೊಳೆಯುವ ಕೋಟು ತೊಟ್ಟವನು ಹೊಸಬ. ಈ ಭಾವನೆಯನ್ನು ಹಗುರವಾಗಿ ಕಾಣಬಾರದು. ಜೊತೆಗಾರನನ್ನು ಹೊಗೆಯಿಂದ ಎಳೆದು ತಂದ ರಾತ್ರಿಯ ಕಲೆಯನ್ನು ಯಾರು ತಾನೇ ಸುಲಭವಾಗಿ ಉಜ್ಜಿ ತೆಗೆದಾರು? ನಮ್ಮ ಕಡೆಯ ಮನಸ್ಸಿಗಂತೂ ಬೆಂಕಿಯೇ ಪಾವನ, ಬೆಂಕಿ ಉಳಿಸಿದ ಭಸ್ಮ ಹಣೆಗೆ ಇಡುವಂಥದ್ದು. ಸಗಣಿಯ ಬೆರಣಿ ಸುಟ್ಟ ವಿಭೂತಿಗೂ ಪಿವಿಸಿ ಪೈಪು ಸುಟ್ಟ ಮಸಿಗೂ ಇರುವ ದೂರ ಆ ಶ್ರದ್ಧೆಯ ಕಣ್ಣಿಗೆ ಒಮ್ಮೆಲೇ ಕಾಣುವುದಿಲ್ಲ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಇಲ್ಲಿ ನೆರವಿಗೆ ಬರುತ್ತದೆ. ಡಂಭ, ಅಹಂಕಾರಗಳಿಂದ ದೇಹವನ್ನು ದಂಡಿಸುವವರನ್ನು ಅದು ಕಟುವಾಗಿ ಖಂಡಿಸುತ್ತದೆ. ಅಂಥವರು ದೇಹದೊಳಗೆ ನೆಲೆಸಿದ ದೇವರನ್ನೇ ನೋಯಿಸುತ್ತಾರೆ ಎನ್ನುತ್ತದೆ. ಯುದ್ಧಭೂಮಿಯಲ್ಲಿ ನಿಂತು, ಸಾವಿಗೆ ಅಂಜಬೇಡ ಎಂದು ಹೇಳುವ ಗ್ರಂಥವೇ ಇದು. ಸಾವಿಗೆ ಅಂಜದಿರುವುದು ಬೇರೆ, ದೇಹವನ್ನು ತಾತ್ಸಾರ ಮಾಡುವುದು ಬೇರೆ ಎಂಬ ವಿವೇಕ ಅದಕ್ಕಿದೆ. ಉರಿಯುವ ಕೋಣೆಯೊಳಗೆ ಮಗುವಿದೆ ಎಂದು ನುಗ್ಗುವವನು ಆ ಅಪಾಯವನ್ನು ಬಲ್ಲ, ಒಪ್ಪಿದ್ದಾನೆ. ಮೊಳೆಗೆ ನೇತುಹಾಕಿದ ಕೋಟಿನಿಂದ ಬರುವ ಅಪಾಯಕ್ಕೆ ಅವನು ಒಪ್ಪಿಗೆ ಕೊಟ್ಟದ್ದು ಯಾವಾಗ? ಅದರಿಂದ ಯಾವ ಮಗುವೂ ಬದುಕುವುದಿಲ್ಲ. ಅದನ್ನು ತ್ಯಾಗವೆಂದು ಕರೆದರೆ, ಆ ಮಾತಿನ ಮರೆಯಲ್ಲಿ ಬೇರೆಯವರ ಹೊಣೆ ತಪ್ಪಿಸಿಕೊಳ್ಳುತ್ತದೆ.

ಮಸಿಯ ವಿಷ ಹೊಸ ಸಂಗತಿಯೂ ಅಲ್ಲ. ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಹೊಗೆಗೂಡು ಗುಡಿಸುವವರ ವೃಷಣಚೀಲದ ಕ್ಯಾನ್ಸರ್‌ಗೆ ಮಸಿಯೇ ಕಾರಣ ಎಂದು ಬರೆದ. ಒಂದು ಕಸುಬನ್ನೂ ಒಂದು ಕ್ಯಾನ್ಸರನ್ನೂ ಜೋಡಿಸಿದ ಮೊದಲ ದಾಖಲೆಗಳಲ್ಲಿ ಅದು ಒಂದು. 1892ರಲ್ಲಿ ಹೆನ್ರಿ ಬಟ್ಲಿನ್ ಎಂಬ ಇನ್ನೊಬ್ಬ ಸರ್ಜನ್, ಇದೇ ಕೆಲಸ ಮಾಡುವ ಯುರೋಪಿನ ಇತರ ದೇಶಗಳವರಿಗೆ ಈ ರೋಗ ಅಪರೂಪ ಎಂಬುದನ್ನು ಗಮನಿಸಿದ. ಅವರು ಮೈತುಂಬ ಬಿಗಿಯಾದ ಬಟ್ಟೆ ತೊಡುತ್ತಿದ್ದರು, ಕೆಲಸ ಮುಗಿಸಿ ಮೈ ತೊಳೆಯುತ್ತಿದ್ದರು.

ಸ್ಮಶಾನಕ್ಕೆ ಹೋಗಿ ಬಂದವರು ಏನನ್ನೂ ಮುಟ್ಟದೆ, ಉಟ್ಟ ಬಟ್ಟೆಯನ್ನು ನೀರಿಗೆ ಹಾಕಿ, ಮಿಂದು ಒಳಗೆ ಬರುವ ಪದ್ಧತಿ ನಮ್ಮಲ್ಲಿದೆ. ಸ್ವೀಡನ್ನಿನ ಶೆಲೆಫ್ಟಿಯೊ ಪಟ್ಟಣದ ಅಗ್ನಿಶಾಮಕ ಸಿಬ್ಬಂದಿ ರೂಪಿಸಿಕೊಂಡ ಕ್ರಮ ಹೆಚ್ಚುಕಡಿಮೆ ಇದೇ. ಬೆಂಕಿಯ ಜಾಗದಲ್ಲೇ ಕೋಟು ಕಳಚಿ, ಗಾಳಿಯಾಡದ ಚೀಲದಲ್ಲಿ ಕಟ್ಟಿ, ತಾವು ಕೂರುವ ಕ್ಯಾಬಿನ್ನಿನಿಂದ ದೂರವಿಟ್ಟು ಸಾಗಿಸುತ್ತಾರೆ. ಠಾಣೆಯಲ್ಲಿ ಕೊಳೆಯ ಬದಿ ಬೇರೆ, ಶುಭ್ರದ ಬದಿ ಬೇರೆ. ಆದರೆ ಮಡಿ ಎಂಬುದು ನಮ್ಮಲ್ಲಿ ಮನುಷ್ಯರನ್ನು ಹೊರಗಿಡಲು ಬಳಕೆಯಾದದ್ದೇ ಹೆಚ್ಚು. ಇಲ್ಲಿ ಹೊರಗೆ ಉಳಿಯುವುದು ಬಟ್ಟೆ, ಒಳಗೆ ಬರುವುದು ಮನುಷ್ಯ.

ಇದಕ್ಕೆ ಭಾರೀ ಖರ್ಚು ಬೇಕೇ? ಮೊದಲ ಹೆಜ್ಜೆಗೆ ಬೇಡ. ಅಮೆರಿಕದಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪಾತ್ರೆ ತೊಳೆಯುವ ಸೋಪು, ನೀರು, ಬ್ರಷ್ಷಿನಿಂದ ಸ್ಥಳದಲ್ಲೇ ಉಜ್ಜಿದಾಗ ಕೋಟಿನ ಮೇಲ್ಮೈಯ ಪಿಎಎಚ್ ಸುಮಾರು ಶೇಕಡಾ 85ರಷ್ಟು ಇಳಿಯಿತು. ಒಣ ಬ್ರಷ್ಷಿಗೆ ಹೋದದ್ದು ಶೇಕಡಾ 23 ಅಷ್ಟೆ.

ಕಷ್ಟವಿರುವುದು ಎರಡನೇ ಹೆಜ್ಜೆಯಲ್ಲಿ. ಪೂರ್ತಿ ತೊಳೆಯುವಾಗ ಕೋಟಿನ ಹೊರಪದರವನ್ನು ಒಳಪದರಗಳಿಂದ ಬಿಡಿಸಬೇಕು, ನೀರು 40 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಬ್ಲೀಚ್ ಹಾಕಬಾರದು. ಬಿಸಿಲಿಗೆ ಒಣಹಾಕುವಂತೆಯೂ ಇಲ್ಲ. ಕೋಟು ನೇಯ್ದ ಅರಾಮಿಡ್ ಎಂಬ ನೂಲನ್ನು ಬಿಸಿಲು ಸೊರಗಿಸುತ್ತದೆ. ಅಮೆರಿಕದ ಎನ್‌ಎಫ್‌ಪಿಎ 1851 ಮಾನದಂಡದ 2020ರ ಆವೃತ್ತಿ ಇಂಥ ತೊಳೆತ ವರ್ಷಕ್ಕೆ ಎರಡು ಬಾರಿಯಾದರೂ ಆಗಲೇಬೇಕು ಎಂದಿತು. ಕೋಟು ಒಣಗುತ್ತಿರುವಾಗಲೇ ಗಂಟೆ ಬಾರಿಸಿದರೆ? ಒಂದೇ ಕೋಟು ಇರುವವನಿಗೆ ಶುಚಿತ್ವದ ಉಪದೇಶ ಮಾಡುವುದು ಅನ್ಯಾಯ. ಅವನು ಒದ್ದೆ ಕೋಟು ತೊಟ್ಟು ಹೋಗಬೇಕು, ಇಲ್ಲವೇ ತೊಳೆಯದೆ ಇರಬೇಕು. ಸಿಬ್ಬಂದಿಯ ಶಿಸ್ತಿನ ಪ್ರಶ್ನೆಯಂತೆ ಕಾಣುವ ಇದು ನಿಜವಾಗಿ ಬಜೆಟ್ಟಿಗೆ ಸಹಿ ಹಾಕುವವರ ಧರ್ಮದ ಪ್ರಶ್ನೆ. ಪ್ರತಿಯೊಬ್ಬನಿಗೂ ಎರಡನೇ ಕೋಟು, ಎರಡನೇ ಹುಡ್, ಎರಡನೇ ಜೊತೆ ಗ್ಲೌಸ್ ಕೊಟ್ಟ ಮೇಲಷ್ಟೇ ತೊಳೆದೆಯಾ ಎಂದು ಕೇಳುವ ಹಕ್ಕು ಹುಟ್ಟುತ್ತದೆ.

ಇನ್ನೊಂದು ಮಾತು ಬಾಕಿ ಇದೆ: ತೊಳೆಯುವವರು ಯಾರು? ಮನೆಗೆ ಒಯ್ದರೆ ಹೆಂಡತಿಯ ಕೈಗೆ, ಮಕ್ಕಳ ಬಟ್ಟೆಗೆ ಅದೇ ವಿಷ. ಹೊರಗೆ ಕೊಟ್ಟರೆ ಹೆಸರು ಗೊತ್ತಿಲ್ಲದ ಯಾರದೋ ಮೈಗೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಯ್ಯ ಬಟ್ಟೆ ಒಗೆಯುವುದನ್ನೇ ಕಾಯಕ ಮಾಡಿಕೊಂಡು ಶರಣರ ಸಾಲಿನಲ್ಲಿ ತಲೆಯೆತ್ತಿ ನಿಂತವರು. ಆ ನೆನಪಿರುವ ನಾಡಿನವರು ಕೊಳೆಯನ್ನು ಒಬ್ಬರ ಮೈಯಿಂದ ತೆಗೆದು ಇನ್ನೊಬ್ಬರ ಮೈಗೆ ದಾಟಿಸುವುದನ್ನು ಶುಚಿ ಎಂದು ಕರೆಯಲಾರರು. ಠಾಣೆಯಲ್ಲೇ ಬೇರೆ ಯಂತ್ರವಿರಬೇಕು. ಚೀಲ ಬಿಚ್ಚುವವರಿಗೂ ಗ್ಲೌಸು, ಮಾಸ್ಕು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಸಿಗಬೇಕು, ಆ ತಪಾಸಣೆಯ ಕಡತ ಬೆಂಕಿಗೆ ನುಗ್ಗಿದವರ ಕಡತದ ಜೊತೆಗೇ ಇರಬೇಕು.