ಹಳೆಯ ರೈಲು, ಮುಳುಗಿದ ಊರು

ಶಿವಮೊಗ್ಗದಿಂದ ಸಾಗರದ ಮೂಲಕ ತಾಳಗುಪ್ಪಕ್ಕೆ ಹೋಗುತ್ತಿದ್ದ ಮೀಟರ್‌ಗೇಜ್ ರೈಲನ್ನು ನಿಮ್ಮಲ್ಲಿ ಹಿರಿಯರಾದವರು ಮರೆತಿರಲಾರಿರಿ. ಕೊನೆಯ ವರ್ಷಗಳಲ್ಲಿ ಅಲ್ಲಿ ಓಡಿದ್ದು ಬಸ್ಸಿನಂತಹ ಪುಟ್ಟ ರೈಲ್‌ಬಸ್. ಬಾಳೆಲ್ಲ ರೈಲನ್ನು ಪ್ರೀತಿಸಿದವರು ಕುಂಸಿ, ಅರಸಾಳು, ಆನಂದಪುರ ಎಂದು ನಿಲ್ದಾಣಗಳ ಹೆಸರನ್ನು ಇಂದಿಗೂ ಜಪದಂತೆ ಹೇಳುತ್ತಾರೆ. 2011ರಲ್ಲಿ ಬ್ರಾಡ್‌ಗೇಜ್ ತಾಳಗುಪ್ಪವನ್ನು ಮುಟ್ಟಿತು. ಈಗ ಸಾಗರದವರು ಗಾಡಿ ಬದಲಿಸದೆ ಬೆಂಗಳೂರು ಸೇರಬಹುದು. ಆಸ್ಪತ್ರೆಗೆ ಹೊರಟ ರೋಗಿಗೆ ಇದು ಸಣ್ಣ ಮಾತಲ್ಲ. ಹಾಗಾದರೆ ಹಳೆಯ ರೈಲಿಗಾಗಿ ಮರುಗುವುದು ಸ್ವಾರ್ಥವೇ? ನನಗೆ ಹಾಗೆನಿಸುವುದಿಲ್ಲ. ಆದರೆ ಆ ಮರುಕ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ನಾವು ಪರೀಕ್ಷಿಸಿಕೊಳ್ಳಬೇಕು.

ಹೊಸನಗರ ತಾಲ್ಲೂಕಿನ ಅರಸಾಳು, 1980ರ ದಶಕದಲ್ಲಿ ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಮಾಲ್ಗುಡಿಯ ನಿಲ್ದಾಣವಾಯಿತು. ಊರಾಗಿ ನಿಂತದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ. ಪಾಳುಬಿದ್ದಿದ್ದ ಆ ನಿಲ್ದಾಣದ ಕಟ್ಟಡ 2020ರಲ್ಲಿ ವಸ್ತುಸಂಗ್ರಹಾಲಯವಾಯಿತು. ಸಂತೋಷವೇ. ಎಂದೂ ಇಲ್ಲದಿದ್ದ ಊರೊಂದಕ್ಕೆ ನೆನಪಿನ ಮನೆ ದೊರೆಯಿತು.

ನಿಜವಾಗಿ ಇದ್ದ ಊರುಗಳ ಗತಿಯೇನು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳನ್ನು ಶರಾವತಿಯ ಹಿನ್ನೀರು ಆವರಿಸಿತು. ನಾಡಿಗೆ ಬೆಳಕು ಬಂತು. ಗದ್ದೆ ತೋಟ ಬಿಟ್ಟು ಎದ್ದವರಲ್ಲಿ ಅನೇಕರಿಗೆ, ಬದಲಿಗೆ ಸಿಕ್ಕ ಭೂಮಿಯ ಹಕ್ಕಿನ ತಕರಾರು ಮಕ್ಕಳ ಕಾಲಕ್ಕೂ ತೀರಲಿಲ್ಲ. ರೈಲಿನ ಸಿಳ್ಳೆಗೆ ಕಣ್ಣು ತೇವವಾಗುವ ನಾವು ಇವರ ಮಾತು ಬಂದಾಗ ಏಕೆ ಅವಸರಪಡುತ್ತೇವೆ?

ಅರಸಾಳಿಗೆ ಹೋದಾಗ ಮಕ್ಕಳಿಗೆ ಮಾಲ್ಗುಡಿಯನ್ನು ತೋರಿಸಿ. ಮರಳಿ ಬರುವಾಗ ಮುಳುಗಡೆಯಿಂದ ಎದ್ದು ಬಂದ ಹಿರಿಯರೊಬ್ಬರ ಮನೆಗೆ ಹೋಗಿ, ಅವರ ಊರಿನ ಹೆಸರೇನಿತ್ತೆಂದು ಮಕ್ಕಳಿಂದಲೇ ಕೇಳಿಸಿ.